‘ಅಂತೆ’ ಉದುರಿದ ಮಾತು

ಕನ್ನಡದಲ್ಲಿ ‘ಅಂತೆ’ ಎಂಬ ಪುಟ್ಟ ಪದವೊಂದಿದೆ. ಹೇಳುವವನು ಸ್ವತಃ ಕಂಡಿಲ್ಲ, ಕೇಳಿದ್ದಷ್ಟೇ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕ ಪದವದು. ಹಿರೇಗುತ್ತಿಯಲ್ಲಿ ಹೆದ್ದಾರಿಯ ಬದಿಗೆ ಬಸ್ಸಿಳಿದವರು ‘ಹೊನ್ನಾವರದಲ್ಲಿ ಗಲಾಟೆಯಂತೆ’ ಎಂದರೆ, ಆ ಮಾತು ಒಳಗಿನ ಕೇರಿ ಮುಟ್ಟುವಾಗ ‘ಗಲಾಟೆ, ನೋಡಿದವರೇ ಹೇಳಿದರು’ ಎಂದಾಗಿರುತ್ತದೆ. ದಾರಿಯಲ್ಲಿ ಉದುರುವುದು ಆ ‘ಅಂತೆ’ ಒಂದೇ. ಉಳಿದದ್ದೆಲ್ಲ ಬೆಳೆಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯನ್ನು ಈ ಕರಾವಳಿ 2017ರ ಡಿಸೆಂಬರಿನಲ್ಲಿ ಕಂಡಿತು. 6ರಂದು ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆ ನಡೆಯಿತು. ಅಂದು ಕಾಣೆಯಾದ ಯುವಕನೊಬ್ಬನ ಶವ 8ರಂದು ಪಟ್ಟಣದ ಶೆಟ್ಟಿಕೆರೆಯಲ್ಲಿ ದೊರೆಯಿತು. ಹೆತ್ತವರ ಸಂಕಟ ದೊಡ್ಡದು; ಸಾವು ಹೇಗಾಯಿತೆಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಉತ್ತರಕ್ಕೆ ಕಾಯುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಚಿತ್ರಹಿಂಸೆ ಕೊಟ್ಟರಂತೆ, ಕಾದ ಎಣ್ಣೆ ಸುರಿದರಂತೆ, ಅಂಗಗಳನ್ನು ಕತ್ತರಿಸಿದರಂತೆ ಎಂಬ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಪೊಲೀಸರು ಈ ಮಾತುಗಳನ್ನೇ ಪ್ರಶ್ನೆಗಳಾಗಿಸಿ ಮಣಿಪಾಲದ ವಿಧಿವಿಜ್ಞಾನ ವೈದ್ಯರ ಮುಂದಿಟ್ಟರು; ವೈದ್ಯರು ಅವನ್ನು ನಿರಾಕರಿಸಿದ್ದನ್ನು ಬಹಿರಂಗಪಡಿಸಿದರು. ಆದರೂ ಮಾತು ಕೈಮೀರಿತ್ತು. 11ರಂದು ಕುಮಟಾದಲ್ಲಿ ಕಲ್ಲುತೂರಾಟ ನಡೆದು ಪೊಲೀಸ್ ಐಜಿಪಿಯವರ ವಾಹನವೇ ಬೆಂಕಿಗೆ ಆಹುತಿಯಾಯಿತು. ಮರುದಿನ ಗಲಭೆ ಘಟ್ಟದ ಮೇಲಿನ ಶಿರಸಿಗೂ ಹಬ್ಬಿತು. ಬೀದಿಗಿಳಿದ ಅನೇಕ ಯುವಕರ ಮೇಲೆ ಮೊಕದ್ದಮೆಗಳು ದಾಖಲಾದವು. ತನಿಖೆ ವಹಿಸಿಕೊಂಡ ಸಿಬಿಐ, ಅದು ಕೊಲೆಯಲ್ಲ, ಆಕಸ್ಮಿಕ ಸಾವು ಎಂದು ನ್ಯಾಯಾಲಯಕ್ಕೆ ವರದಿ ಸಲ್ಲಿಸಿದ್ದು 2022ರ ಅಕ್ಟೋಬರಿನಲ್ಲಿ. ವರದಿಗೆ ಹೆಚ್ಚುಕಡಿಮೆ ಐದು ವರ್ಷ ಹಿಡಿಯಿತು, ಬೆಂಕಿಗೆ ಮೂರು ದಿನ ಸಾಕಾಯಿತು.

ಇದನ್ನೆಲ್ಲ ಜನರ ಅಜ್ಞಾನದ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸುಲಭ. ಆದರೆ ಗಾಳಿಸುದ್ದಿ ಬೇರೂರುವುದು ಅಧಿಕೃತ ಮಾತು ಇಲ್ಲದ ಜಾಗದಲ್ಲಿ. ಮಲೆನಾಡಿನವರಿಗೆ ಪಶ್ಚಿಮ ಘಟ್ಟದ ವರದಿಗಳ ಕತೆ ನೆನಪಿರಬಹುದು. ಮಾಧವ ಗಾಡ್ಗೀಳರ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಕೇಂದ್ರ ಪರಿಸರ ಸಚಿವಾಲಯ ಅದನ್ನು ಕಪಾಟಿನಲ್ಲಿಟ್ಟಿತು. ಕೇಂದ್ರ ಮಾಹಿತಿ ಆಯೋಗ ಆದೇಶಿಸಿ, ದೆಹಲಿ ಉಚ್ಚ ನ್ಯಾಯಾಲಯವೂ ಸಚಿವಾಲಯದ ತಕರಾರನ್ನು ತಳ್ಳಿಹಾಕಿದ ಮೇಲೆಯೇ, 2012ರ ಮೇ ತಿಂಗಳಲ್ಲಿ, ಅದು ಹೊರಬಂತು. ಆಮೇಲೆ ಕಸ್ತೂರಿರಂಗನ್ ವರದಿ, 2014ರ ಮಾರ್ಚಿನಲ್ಲಿ ಕರಡು ಅಧಿಸೂಚನೆ. ಕರಡು ತಡೆಯಲು ಹೊರಟದ್ದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಕೆಂಪುಪಟ್ಟಿಯ ಕೈಗಾರಿಕೆ, ಭಾರೀ ಕಟ್ಟಡಗಳನ್ನು. ಹಳ್ಳಿಗಳಲ್ಲಿ ಹರಡಿದ್ದು ಮಾತ್ರ ‘ಒಕ್ಕಲೆಬ್ಬಿಸುತ್ತಾರಂತೆ, ತೋಟ ಕಸಿದುಕೊಳ್ಳುತ್ತಾರಂತೆ’ ಎಂಬ ಭಯ. ಬೆಟ್ಟ, ಅತಿಕ್ರಮಣ, ಅರಣ್ಯ ಇಲಾಖೆಯ ನೋಟಿಸುಗಳ ನಡುವೆ ಬದುಕುವವರಿಗೆ ಆ ಭಯ ಅಸಹಜವೇನಲ್ಲ. ವಿರೋಧಿಸುವ ಹಕ್ಕೂ ಅವರಿಗಿದೆ. ಓದಿ ವಿರೋಧಿಸಿದ್ದರೆ ಸರಕಾರಕ್ಕೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಓದದೆ ಹುಟ್ಟಿದ ಭಯದಿಂದ ಲಾಭವಾದದ್ದು ಕ್ವಾರಿಯವರಿಗೆ. 2024ರ ಜುಲೈ 31ರಂದು ಆರನೆಯ ಕರಡು ಬಂತು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು. ‘ಒಕ್ಕಲೆಬ್ಬಿಸುತ್ತಾರಂತೆ’ ಎಂಬ ಮಾತು ಹತ್ತು ವರ್ಷಗಳ ಹಿಂದಿನದ್ದೇ.

ಯೋಜನೆಯೊಂದರ ಸುದ್ದಿ ಊರಿಗೆ ಬಂದಾಗ ಅದರ ಕಾಗದವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿಸಿರಿ ಎಂದು ಕೇಳಲು ಯಾರ ಅಪ್ಪಣೆಯೂ ಬೇಡ. ಪಂಚಾಯಿತಿಯಲ್ಲಿ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕಾಲೇಜಿಗೆ ಹೋಗುವ ಮಕ್ಕಳು ಪ್ರತಿಯೊಂದು ಊರಲ್ಲೂ ಇದ್ದಾರೆ. ಇಂಗ್ಲಿಷಿನ ಕರಡನ್ನು ಹಿರಿಯರಿಗೆ ಓದಿ ಹೇಳುವ ಕೆಲಸವನ್ನು ಅವರು ಈ ಬೇಸಿಗೆ ರಜೆಯಲ್ಲೇ ಆರಂಭಿಸಬಹುದು.