ಗವಾನ್ ಬರೆದ ಪತ್ರ, ಬರೆಯದ ಪತ್ರ

ಮಹಮೂದ್ ಗವಾನ್ ಎಂದ ಕೂಡಲೇ ನಮ್ಮ ತರಗತಿಯಲ್ಲಿ ಎಲ್ಲರೂ ಹೇಳುವುದು ಒಂದು ಪತ್ರದ ಕಥೆ. ಅದು ಅವರು ಬರೆಯದ ಪತ್ರ! ವಿರೋಧಿಗಳು ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮೊಹರು ಹಾಕಿಸಿದರು. ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಅದರಲ್ಲಿ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಸರಿಯಾಗಿ ವಿಚಾರಿಸಲೂ ಇಲ್ಲ. 1481ರ ಏಪ್ರಿಲ್ 5ರಂದು ವಜೀರರ ತಲೆ ತೆಗೆಸಿದ.

ಆದರೆ ಗವಾನ್ ನಿಜವಾಗಿಯೂ ಬರೆದ ಪತ್ರಗಳಿವೆ. 'ರಿಯಾಜುಲ್ ಇನ್ಶಾ' ಎಂಬ ಆ ಪಾರಸಿ ಸಂಗ್ರಹ 1948ರಲ್ಲಿ ಹೈದರಾಬಾದಿನಲ್ಲಿ ಅಚ್ಚಾಯಿತು. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬೀದರಿನಲ್ಲಿ ನಿಂತ ಮನುಷ್ಯ ಅವರು. 'ಮಲಿಕುತ್ತುಜ್ಜಾರ್', ಅಂದರೆ ವ್ಯಾಪಾರಿಗಳ ಒಡೆಯ ಎಂಬ ಬಿರುದು ಪಡೆದವರು (ಕಾಮರ್ಸ್‌ನವರು ಹೆಮ್ಮೆಪಡಬಹುದು). ಅವರ ಪತ್ರಗಳಲ್ಲಿ ರಾಜಕಾರಣವಿದೆ, ಮಕ್ಕಳಿಗೆ ಬುದ್ಧಿಮಾತಿದೆ. ಹೆರಾತಿನಲ್ಲಿದ್ದ ಕವಿ ಜಾಮಿಯನ್ನು ಬೀದರಿಗೆ ಬನ್ನಿ ಎಂದು ಹಂಬಲಿಸಿ ಕರೆದದ್ದೂ ಇದೆ. ಜಾಮಿ ಬರಲಿಲ್ಲ, ಪತ್ರಗಳು ಮಾತ್ರ ಓಡಾಡಿದವು. ಕೋಟೆ ಗೆದ್ದವರಿಗೆ, ಭೂಮಿ ಅಳೆಸಿದವರಿಗೆ ಇಂಥ ಹಂಬಲ ಇರಬಾರದೇ? ರೊಮ್ಯಾಂಟಿಕ್ ಅಂದರೆ ಹೀರೋ-ಹೀರೋಯಿನ್ ಅಷ್ಟೇ ಎಂದುಕೊಂಡವರು ಇದನ್ನು ನೋಡಬೇಕು. ನಾವು ಮಾತ್ರ ಸುಳ್ಳು ಪತ್ರವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ, ನಿಜವಾದವನ್ನು ಬಿಟ್ಟಿದ್ದೇವೆ.

ಇದು ಹಳೆಯ ಕಾಲದ ಮಾತಲ್ಲ. ನಾನು ದಿನಾ ಕಮಲಾಪುರದಿಂದ ಕಲಬುರಗಿಗೆ ಬರುವುದು ಬೀದರಿನ ರಸ್ತೆಯಲ್ಲೇ. ಕಳೆದ ತಿಂಗಳು ನಮ್ಮ ಬಸ್ಸಿನಲ್ಲಿ ಒಂದು ಸ್ಕ್ರೀನ್‌ಶಾಟ್ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಮೇಲೆ ಒಬ್ಬ ಹುಡುಗಿಯ ಹೆಸರು, ಕೆಳಗೆ ಎರಡು ಸಾಲು ಪ್ರೀತಿಯ ಮಾತು. ಅವಳೇ ಬರೆದಳೇ ಎಂದು ಯಾರೂ ಕೇಳಲಿಲ್ಲ. ಹೆಸರೇ ಮೊಹರಾಯಿತು. ಈಗ ಅವಳು ಬಸ್ಸಿಗೆ ಬರುತ್ತಿಲ್ಲ.

ಒಂದು ವೇಳೆ ಅವಳೇ ಬರೆದಿದ್ದರೂ ಅದು ನಮಗೆ ಬರೆದದ್ದಲ್ಲ. ನಾನಾ ಬಂಬೈಯಿಂದ ಬರೆದ ಖತ್‌ಗಳನ್ನು ನಮ್ಮ ನಾನಿ ಇವತ್ತಿಗೂ ಟ್ರಂಕಿನಲ್ಲಿಟ್ಟಿದ್ದಾರೆ. ಎಷ್ಟು ಕೇಳಿದರೂ ಓದಲು ಕೊಡುವುದಿಲ್ಲ. "ಅವು ನನಗೆ ಬಂದವು" ಎನ್ನುತ್ತಾರೆ. ಯಾರೂ ಅವರ ಮೇಲೆ ಸಂಶಯಪಟ್ಟಿಲ್ಲ.

ನನ್ನದೊಂದು ಕೋರಿಕೆ. ನಮ್ಮ ಉರ್ದು ಸರ್‌ಗೆ ಪಾರಸಿ ಬರುತ್ತದೆ. ಗವಾನ್ ಜಾಮಿಗೆ ಬರೆದ ಒಂದೇ ಒಂದು ಪತ್ರವನ್ನು ಅವರು ಅರ್ಥ ಹೇಳಿಕೊಟ್ಟರೆ, ಕನ್ನಡಕ್ಕೆ ಇಳಿಸಿ ಮುಂದಿನ ಸಂಚಿಕೆಗೆ ಟೈಪ್ ಮಾಡಿಕೊಡಲು ನಾನು ತಯಾರಿದ್ದೇನೆ.