ಹೇಮಾವತಿಯ ನೀರು, ನಮ್ಮ ಅಮೃತಶಿಲೆ

ಪೂಜಾವರ್ಷವು ಮುಗಿಯುತ್ತ ಬಂದಿದೆ. ಈ ದಿನಗಳಲ್ಲಿ ಧರ್ಮಸಭೆಯು ನಮ್ಮ ಮುಂದಿಡುವ ವಾಚನಗಳೆಲ್ಲ ಅಂತ್ಯದ ಕುರಿತಾದವು. ಜೆರುಸಲೇಮಿನ ದೇವಾಲಯದ ಚೆಲುವಿಗೆ ಬೆರಗಾಗಿ ನಿಂತವರಿಗೆ ಅದರ ಪತನವನ್ನು ಪ್ರಭು ಯೇಸು ಮುಂಗಂಡು ನುಡಿದ ಪ್ರಸಂಗವನ್ನು ನಾವು ಪ್ರತಿ ವರ್ಷವೂ ಓದುತ್ತೇವೆ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯವು ಆ ದೇವಾಲಯವನ್ನು ಸುಟ್ಟು ಕೆಡವಿತು. ಇದನ್ನು ಬಲಿಪೀಠದಿಂದ ಬೋಧಿಸಿದ ನಾವೇ, ಅದೇ ಸಂಜೆ ಪಾಲನಾ ಸಮಿತಿಯ ಸಭೆಯಲ್ಲಿ ಕುಳಿತು, ಕಟ್ಟಲಿರುವ ಹೊಸ ದೇವಾಲಯದ ಅಮೃತಶಿಲೆಯ ಫಲಕದಲ್ಲಿ ದಾನಿಗಳ ಹೆಸರು ಯಾವ ಕ್ರಮದಲ್ಲಿರಬೇಕೆಂದು ಎರಡು ಗಂಟೆ ಚರ್ಚಿಸಿದೆವು! ನಿವೇಶನ ಕೊಟ್ಟ ಮನೆತನ ಮೊದಲೋ, ಹೆಚ್ಚು ಹಣ ಕೊಟ್ಟವರು ಮೊದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಈ ವಿಷಯದಲ್ಲಿ ಇತರರನ್ನು ಆಕ್ಷೇಪಿಸುವ ಅರ್ಹತೆ ನಮಗಿಲ್ಲ. ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ಮುಖಮಂಟಪ ಕಟ್ಟಿಸಿ, ನಮ್ಮ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದೆವು. ರಸ್ತೆ ಅಗಲವಾಯಿತು, ಮಂಟಪ ಹೋಯಿತು. ಆ ಕಲ್ಲು ಈಗ ಅಡುಗೆಮನೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವುದಕ್ಕೆ ಉಪಯೋಗವಾಗುತ್ತಿದೆಯಂತೆ. ಅಕ್ಷರಗಳು ಒಳಮುಖವಾಗಿವೆಯೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. 1860ರ ದಶಕದಲ್ಲಿ ಫ್ರೆಂಚ್ ಮಿಶನರಿಗಳು ಅದನ್ನು ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಹೇಳುವುದುಂಟು. ಹಳೆಯ ಕಟ್ಟಡಗಳಿಗೆಲ್ಲ ಈ ಮಾತು ಅಂಟಿಕೊಂಡಿರುವುದರಿಂದ ನಾವು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರು ಊರನ್ನು ನುಂಗಿತು, ಜನರು ಬೇರೆಡೆಗೆ ಹೋದರು. ಅಂದಿನಿಂದ ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ದೇವಾಲಯ ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತದೆ. ಛಾವಣಿ ಇಲ್ಲ. ಗೋಡೆ, ಕಮಾನುಗಳು ವರ್ಷದಿಂದ ವರ್ಷಕ್ಕೆ ಶಿಥಿಲವಾಗುತ್ತಿವೆ. ಪ್ರವಾಸಿಗರು ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅದನ್ನು ಉಳಿಸಬೇಕೆಂಬ ಕೂಗು ಆಗಾಗ ಏಳುತ್ತದೆ, ಅದು ನ್ಯಾಯವಾದುದೇ.

ಆದರೆ ಆ ಕಡೆಯಿಂದ ಬಂದು ನಮ್ಮ ಧರ್ಮಕೇಂದ್ರದಲ್ಲಿ ನೆಲೆಸಿರುವ ವೃದ್ಧೆಯೊಬ್ಬರು ಒಮ್ಮೆ ನಮ್ಮೊಡನೆ ಹೇಳಿದರು: "ಸ್ವಾಮಿ, ನಮ್ಮ ಗುಡಿ ನೋಡೋಕೆ ಎಲ್ಲೆಲ್ಲಿಂದಲೋ ಬರ್ತಾರೆ. ಅಲ್ಲಿ ಪೂಜೆ ಕೇಳ್ತಿದ್ದೋರು ಎಲ್ಲಿಗೆ ಹೋದ್ರು ಅಂತ ಒಬ್ಬರೂ ಕೇಳಲ್ಲ."

ಈ ಮಾತು ನಮ್ಮನ್ನು ಕಾಡುತ್ತಿದೆ. ಕಟ್ಟಡ ಅಳಿದರೇನು, ಧರ್ಮಸಭೆಯೆಂದರೆ ಜನರಲ್ಲವೇ, ಜನರು ಉಳಿಯುತ್ತಾರಲ್ಲವೇ ಎಂದು ನಾವು ಗುರುಗಳು ಸುಲಭವಾಗಿ ಹೇಳಿಬಿಡುತ್ತೇವೆ. ಇದು ಅರ್ಧ ಸತ್ಯ. ಜನರೂ ಚದುರುತ್ತಾರೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ಅಗಸ್ಟೀನರ ಗ್ರಂಥಗಳನ್ನು ನಾವು ತಲೆದೂಗಿ ಓದಿದೆವು. ಕ್ರಿ.ಶ. 410ರಲ್ಲಿ ರೋಮ್ ನಗರ ಲೂಟಿಯಾದ ಮೇಲೆ, ಮಾನವನು ಕಟ್ಟಿದ ನಗರಗಳ ನಶ್ವರತೆಯನ್ನು ಕುರಿತು ಅವರು ಬೃಹದ್ಗ್ರಂಥವನ್ನೇ ಬರೆದರು. 430ರಲ್ಲಿ ಅವರು ಮರಣಶಯ್ಯೆಯಲ್ಲಿದ್ದಾಗ ಅವರದೇ ಹಿಪ್ಪೊ ನಗರವನ್ನು ವ್ಯಾಂಡಲರು ಮುತ್ತಿದ್ದರು. ಗ್ರಂಥಗಳು ಉಳಿದವು. ಆದರೆ ಅವರ ಪ್ರಬೋಧನೆಯನ್ನು ನಿಂತು ಕೇಳುತ್ತಿದ್ದ ಉತ್ತರ ಆಫ್ರಿಕದ ಆ ಕ್ರೈಸ್ತ ಸಮುದಾಯವು ಮುಂದಿನ ಕೆಲವು ಶತಮಾನಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಯಿತು. ಗೋಡೆಗಿಂತ ಸಮುದಾಯವೇ ಹೆಚ್ಚು ನಾಜೂಕಾದುದೋ ಏನೋ! ಗೋಡೆ ನೀರಿನಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ನಿಂತಿದೆ. ಒಂದೇ ಬೀದಿಯಲ್ಲಿ ಕೂಡಿ ಜಪಸರ ಮಾಡುತ್ತಿದ್ದ ನೆರೆಹೊರೆಯನ್ನು ಬೇರೆ ಬೇರೆ ಊರುಗಳಿಗೆ ಹಂಚಿದರೆ ಅದು ಒಂದು ತಲೆಮಾರು ನಿಲ್ಲುವುದೂ ಕಷ್ಟ.

ಹೊಸ ದೇವಾಲಯ ಬೇಡವೆಂದು ನಾವು ಹೇಳುತ್ತಿಲ್ಲ. ಮಳೆ ಸೋರುವ ಛಾವಣಿಯಡಿ ಮಕ್ಕಳನ್ನು ಕೂರಿಸಲಾಗದು. ನಶ್ವರವೆಂಬ ನೆವದಿಂದ ಕಳಪೆಯಾಗಿ ಕಟ್ಟುವುದೂ ಸಲ್ಲದು. ಶೆಟ್ಟಿಹಳ್ಳಿಯಲ್ಲಿ ಕಟ್ಟಿದವರು ಹಾಗೆ ಮಾಡಲಿಲ್ಲ. ಆದರೆ ದಾನಿಗಳ ಫಲಕವನ್ನು ಕೈಬಿಡಬೇಕೆಂದು ನಾವು ಸಮಿತಿಗೆ ಬರೆದು ಕೊಟ್ಟಿದ್ದೇವೆ. ಅದರ ಹಣದಿಂದ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ಗೆದ್ದಲಿನಿಂದ ಪಾರುಮಾಡಬಹುದು. ಊರು ಕಳೆದುಕೊಂಡು ಬಂದ ಕುಟುಂಬಗಳ ಹಿರಿಯರು ಬದುಕಿರುವಾಗಲೇ ಅವರ ನೆನಪುಗಳನ್ನು ಬರೆದಿಡಬಹುದು. ಸಮಿತಿಯ ಇಬ್ಬರು ಸದಸ್ಯರಿಗೆ ಬೇಸರವಾಗಿದೆ. ಒಬ್ಬರು ಕಳೆದ ಭಾನುವಾರ ಪೂಜೆಯ ನಂತರ ಎಂದಿನಂತೆ ಮಾತನಾಡಿಸಲಿಲ್ಲ. ಮುಂದಿನ ಸಭೆಯಲ್ಲಿ ಏನಾಗುವುದೋ ತಿಳಿಯದು.

ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಸಮಾಧಿಗಳನ್ನು ಆಶೀರ್ವದಿಸುತ್ತ ಹೋಗುವಾಗ ಆ ವೃದ್ಧೆಯನ್ನು ಕಂಡೆವು. ಅವರ ತಂದೆತಾಯಿಯ ಸಮಾಧಿಗಳು ನೀರಿನಡಿಯಲ್ಲಿವೆ. ಹೆಸರಿಲ್ಲದ, ಹುಲ್ಲು ಬೆಳೆದ ಯಾರದೋ ಗುಡ್ಡೆಯ ಮೇಲೆ ಅವರು ಎರಡು ಮೇಣದಬತ್ತಿ ಹಚ್ಚಿ, ಗಾಳಿಗೆ ಸೆರಗು ಮರೆಮಾಡಿ ಕುಳಿತಿದ್ದರು. ಯಾರ ಸಮಾಧಿಯಮ್ಮ ಎಂದು ಕೇಳಿದೆವು. "ಗೊತ್ತಿಲ್ಲ ಸ್ವಾಮಿ, ಇಲ್ಲಿಗೂ ಒಂದಿಷ್ಟು ತೀರ್ಥ ಹಾಕಿ" ಎಂದರು.