250 ಗ್ರಾಂ ಡ್ರೋನ್‌ಗೆ ಯಾವ ಅನುಮತಿಯೂ ಬೇಡವೇ? ಕಾಲೇಜು ಮ್ಯಾಪಿಂಗ್ ಪ್ರಾಜೆಕ್ಟ್ ಶುರು ಮಾಡುವ ಮುನ್ನ ಓದಿ

“250 ಗ್ರಾಂ ಒಳಗಿನ ಡ್ರೋನ್ ಆಟಿಕೆ ಇದ್ದಂತೆ. ಲೈಸೆನ್ಸ್ ಬೇಡ, ಎಲ್ಲಿ ಬೇಕಾದರೂ ಹಾರಿಸಬಹುದು.” ಸೆಮಿಸ್ಟರ್ ಆರಂಭದಲ್ಲಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತು ಓಡಾಡುತ್ತದೆ. ಇದನ್ನು ನಂಬಿ ಊರ ಕೆರೆಯ ನಕ್ಷೆ ಮಾಡಲು ಹೊರಡುವ ತಂಡಗಳೂ ಇವೆ. ಹಾಗಾದರೆ ಇದು ನಿಜವೇ? ಅರ್ಧ ಮಾತ್ರ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕೆಜಿವರೆಗೆ ಮೈಕ್ರೋ. ನ್ಯಾನೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ವಿಮೆಯೂ ಕಡ್ಡಾಯವಲ್ಲ. ವಾಣಿಜ್ಯ ಉದ್ದೇಶ ಇಲ್ಲದಿದ್ದರೆ ಮೈಕ್ರೋಗೂ ಪೈಲಟ್ ಪ್ರಮಾಣಪತ್ರ ಬೇಡ. ಆದರೆ “ಎಲ್ಲಿ ಬೇಕಾದರೂ” ಎಂಬುದು ತಪ್ಪು. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ, ಡ್ರೋನ್ ಹಗುರ ಎಂದು ಅದರ ಬಣ್ಣ ಬದಲಾಗುವುದಿಲ್ಲ. ಹಸಿರಿನಲ್ಲಿ 120 ಮೀಟರ್ ಎತ್ತರದವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಅಂತರದಲ್ಲಿದ್ದರೆ ಆ ಮಿತಿ 60 ಮೀಟರ್‌ಗೆ ಇಳಿಯುತ್ತದೆ. ಪೊಲೀಸರು ಒಂದು ಜಾಗವನ್ನು ತಾತ್ಕಾಲಿಕವಾಗಿ ಕೆಂಪು ವಲಯ ಎಂದೂ ಘೋಷಿಸಬಹುದು. ಹಾಗಾಗಿ ಡಿಜಿಟಲ್ ಸ್ಕೈ ನಕ್ಷೆಯನ್ನು ಹಾರಿಸುವ ದಿನವೂ ನೋಡಬೇಕು. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೆ.

“ನಮ್ಮದು ಕಾಲೇಜು ಪ್ರಾಜೆಕ್ಟ್, ನಮಗೆ ವಿನಾಯಿತಿ ಇದೆ” ಎನ್ನುವವರೂ ಇದ್ದಾರೆ. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಸಂಶೋಧನೆ ಮತ್ತು ಪರೀಕ್ಷೆಗಾಗಿ ವಿನಾಯಿತಿ ಇರುವುದು ನಿಜ. ಆದರೆ ಹಾರಾಟ ಹಸಿರು ವಲಯದಲ್ಲಿ, ಸಂಸ್ಥೆಯ ಆವರಣದೊಳಗೆ ಅಥವಾ ಅದರ ನಿಯಂತ್ರಣದ ಬಯಲಿನಲ್ಲಿ ನಡೆಯಬೇಕು. ಕಾಂಪೌಂಡ್ ಆಚೆಯ ಕೆರೆಗೆ ಈ ವಿನಾಯಿತಿ ದಾಟುವುದಿಲ್ಲ.

ಇನ್ನು ಕೆಲಸದ ಲೆಕ್ಕ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಸಾಮಾನ್ಯ ಸಣ್ಣ ಡ್ರೋನ್ 60 ಮೀಟರ್ ಎತ್ತರದಿಂದ ತೆಗೆದ ಫೋಟೋದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 2 ಸೆಂಟಿಮೀಟರ್. ಫೋಟೋಗಳನ್ನು ಹೊಲಿದು ನಕ್ಷೆ ಮಾಡಲು ಒಂದರ ಮೇಲೊಂದು ಶೇ 70–75ರಷ್ಟು ಬರಬೇಕು. 10 ಎಕರೆಗೆ ಅಂಚು, ತಿರುವು ಸೇರಿ ಸುಮಾರು 150 ಫೋಟೋ, ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹತ್ತು ನಿಮಿಷದ ಹಾರಾಟ. ಅಷ್ಟೇ! ಸಮಯ ತಿನ್ನುವುದು ಮಿಕ್ಕಿದ್ದೆಲ್ಲ. ಮಳೆಗಾಲದಲ್ಲಿ ಸೆಮಿಸ್ಟರ್ ಶುರುವಾದರೆ ಗಾಳಿ, ಮೋಡ, ಒದ್ದೆ ಬ್ಯಾಟರಿಯ ಭಯ. ಕೆರೆ ತುಂಬಿದ್ದರೆ ಮತ್ತೊಂದು ತೊಂದರೆ: ಅಲೆಯಾಡುವ ನೀರಿನಲ್ಲಿ ಎರಡು ಫೋಟೋಗಳಿಗೆ ಸಾಮಾನ್ಯವಾದ ಗುರುತು ಸಾಫ್ಟ್‌ವೇರ್‌ಗೆ ಸಿಗುವುದಿಲ್ಲ, ನಕ್ಷೆಯ ನಡುವೆ ತೂತು ಬೀಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ವಲಯ ಪರಿಶೀಲನೆ, ಪಂಚಾಯಿತಿಗೆ ಮಾಹಿತಿ, ಆವರಣದೊಳಗೆ ಅಭ್ಯಾಸ ಮುಗಿಸಿಕೊಂಡು ಹಾರಾಟವನ್ನು ನವೆಂಬರ್‌ನ ಒಣ ದಿನಗಳಿಗೆ ಇಟ್ಟುಕೊಳ್ಳುವುದು ವಾಸಿ ಎಂಬುದು ನಮ್ಮ ಅನಿಸಿಕೆ.

ಯಾರೂ ಫಾರ್ವರ್ಡ್ ಮಾಡದ ವಿಷಯ ಇನ್ನೊಂದಿದೆ. 2021ರ ಫೆಬ್ರವರಿ 15ರ ಕೇಂದ್ರ ಮಾರ್ಗಸೂಚಿಗಳ ಪ್ರಕಾರ ಭಾರತೀಯರು ನಕ್ಷೆ ಮಾಡಲು ಮುಂಚಿತ ಅನುಮತಿ ಬೇಡ. ಆದರೆ 1 ಮೀಟರ್‌ಗಿಂತ ಸೂಕ್ಷ್ಮವಾದ ದತ್ತಾಂಶವನ್ನು ಭಾರತದಲ್ಲೇ ಸಂಗ್ರಹಿಸಿ ಸಂಸ್ಕರಿಸಬೇಕು. ಡ್ರೋನ್ ನಕ್ಷೆ ಆ ಮಟ್ಟ ದಾಟುವುದು ಸುಲಭ. ಫೋಟೋಗಳನ್ನು ವಿದೇಶಿ ಸರ್ವರ್‌ಗೆ ಏರಿಸುವ ಬದಲು ಓಪನ್‌ಡ್ರೋನ್‌ಮ್ಯಾಪ್‌ನಂಥ ಉಚಿತ ತಂತ್ರಾಂಶವನ್ನು ಸ್ವಂತ ಕಂಪ್ಯೂಟರಿನಲ್ಲೇ ಓಡಿಸಬಹುದು.

ನಕ್ಷೆ ಕೈಗೆ ಬಂದ ಮೇಲೆ “ಕೆರೆ ಒತ್ತುವರಿಗೆ ಇಗೋ ಸಾಕ್ಷಿ” ಎಂದು ಸ್ಟೇಟಸ್ ಹಾಕುವ ಆಸೆ ಸಹಜ. ಸಾಮಾನ್ಯ ಡ್ರೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸಬಹುದು. ನೆಲದ ಮೇಲೆ ನಿಖರವಾಗಿ ಅಳೆದ ಗುರುತುಗಳಿಲ್ಲದಿದ್ದರೆ ಇಡೀ ನಕ್ಷೆಯೇ ಪಕ್ಕದವರ ಜಮೀನಿಗೆ ಸರಿದಿರುತ್ತದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲೂ ಡ್ರೋನ್ ಏರುವ ಮುನ್ನ ಮನೆಗಳ ಗಡಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಗಡಿ ಯಾವುದೆಂದು ಮೇಲಿನಿಂದ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಒತ್ತುವರಿ ಹೌದೋ ಅಲ್ಲವೋ ಎಂಬುದು ಕಂದಾಯ ದಾಖಲೆ ಮತ್ತು ಸರ್ವೆಯವರ ಅಳತೆಯಿಂದ ತೀರ್ಮಾನವಾಗುತ್ತದೆ.